‘ಸರಿ’ ಅನ್ನೋ ಒಂದೇ ಗುಂಡಿ

ಸೋಮವಾರ ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ಫೋನಿನ ಪರದೆಯ ಮೇಲೆ ಒಂದು ಚೌಕ ಬಂದು ಕೂತಿತು. “ಹೊಸ ಆವೃತ್ತಿ ಬಂದಿದೆ. ಮುಂದಿನ ಸೋಮವಾರದಿಂದ ಅಪ್‌ಡೇಟ್ ಕಡ್ಡಾಯ. ಮಾಡಿಕೊಳ್ಳದವರಿಗೆ ಆಟದೊಳಗೆ ಪ್ರವೇಶವಿಲ್ಲ.” ಕೆಳಗೆ ಒಂದು ಗುಂಡಿ. ಅದರ ಮೇಲೆ “ಸರಿ” ಎಂದು ಬರೆದಿತ್ತು. ಅಷ್ಟೇ. “ಬೇಡ” ಎನ್ನುವುದಕ್ಕೆ ಗುಂಡಿಯೇ ಇಲ್ಲ. “ಯಾಕೆ” ಎನ್ನುವುದಕ್ಕಂತೂ ಕೇಳಲೇಬೇಡಿ. ನನ್ನ ಬೆರಳಿನಿಂದಲೇ ಸರಿ ಅನ್ನಿಸಿಕೊಂಡು ನನ್ನ ಮೇಲೇ ಹೇರುವುದೆಂದರೆ ಎಂಥ ಧಿಮಾಕು ನೋಡಿ!

ನಾನು ಹೊಲಿಗೆ ಮೆಷಿನ್ ರಿಪೇರಿ ಮಾಡುವವಳು. ವಯಸ್ಸು ಐವತ್ತಾರು, ಕೋಪ ಮೂಗಿನ ತುದಿಯಲ್ಲಿ. ಅಪ್ಪನಿಂದ ಬಂದ ಅಂಗಡಿ, ಎರಡು ಮೆಟ್ಟಿಲು, ಒಂದು ಶಟರ್, ಒಳಗೆ ಉದ್ದನೆಯ ಮೇಜು. ಮೇಜಿನ ಮೇಲೆ ಯಾವಾಗಲೂ ನಾಲ್ಕೈದು ಮೆಷಿನ್‌ಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತವೆ. ಅವುಗಳಲ್ಲಿ ಅರವತ್ತು ವರ್ಷದ್ದೂ ಇರುತ್ತದೆ. ಒಂದು ತೊಟ್ಟು ಎಣ್ಣೆ ಬಿಟ್ಟು, ಬೆಲ್ಟ್ ಬಿಗಿ ಮಾಡಿದರೆ ಈಗಲೂ ಟಕಟಕ ಅಂತ ಹೊಲಿಯುತ್ತದೆ. ಯಾವ ಮೆಷಿನ್ನೂ ಇವತ್ತಿನವರೆಗೆ “ನನಗೆ ಅಪ್‌ಡೇಟ್ ಮಾಡದಿದ್ದರೆ ಸೂಜಿ ಇಳಿಸುವುದಿಲ್ಲ” ಎಂದು ನನ್ನನ್ನು ಹೆದರಿಸಿಲ್ಲ.

ಈ ವಯಸ್ಸಿನಲ್ಲಿ ನಿನಗೆ ಆಟ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಕೇಳಿದವರಿಗೆಲ್ಲ ಸುಮ್ಮನೆ ಹೊತ್ತು ಹೋಗಲಿ ಅಂತಲೇ ಹೇಳುತ್ತೇನೆ. ಅದು ಶುದ್ಧ ಸುಳ್ಳು.

ನನಗೊಬ್ಬ ತಮ್ಮ ಇದ್ದಾನೆ. ಅಪ್ಪ ನಮ್ಮಿಬ್ಬರಿಗೂ ಒಂದೇ ಮೇಜಿನ ಮೇಲೆ ಕೆಲಸ ಕಲಿಸಿದರು. ಚಿಕ್ಕವನಿದ್ದಾಗ ಅವನು ಅಂಗಡಿಯ ನೆಲದಲ್ಲಿ ಬಿದ್ದ ಗುಂಡುಪಿನ್ನುಗಳನ್ನೆಲ್ಲ ಅಯಸ್ಕಾಂತ ಹಿಡಿದು ಹೆಕ್ಕುತ್ತಿದ್ದ. ಹಾಗಾಗಿ ನಾನು ಅವನಿಗೆ ‘ಗುಂಡುಪಿನ್ನು’ ಎಂದು ಹೆಸರಿಟ್ಟೆ. ನನ್ನ ನಾಲಿಗೆಯ ಹರಿತ ನೋಡಿ ಅವನು ನನಗೆ ‘ಕತ್ತರಿ’ ಎಂದು ಇಟ್ಟ. ದೊಡ್ಡವನಾದ ಮೇಲೆ ಅಂಗಡಿ ಬಿಟ್ಟು, ಕಂಪ್ಯೂಟರ್ ಕೂರಿಸಿದ ಹೊಸ ಮೆಷಿನ್‌ಗಳ ಶೋರೂಮಿಗೆ ಸೇರಿಕೊಂಡ. ಆರು ವರ್ಷದ ಹಿಂದೆ ಒಂದು ದಿನ, ಅಂಗಡಿಯಲ್ಲಿ ಮೂರು ಜನ ಗಿರಾಕಿಗಳು ಕೂತಿದ್ದಾಗ, ಶೋರೂಮಿನ ಜಾಹೀರಾತಿನ ಬಣ್ಣದ ಕಾಗದ ಹಿಡಿದುಕೊಂಡು ಬಂದು ಹಳೇ ಮೆಷಿನ್‌ಗಳನ್ನೆಲ್ಲ ಗುಜರಿಗೆ ಹಾಕು ಅಂದ. ನಾನು ಸುಮ್ಮನಿರುವವಳೇ? “ನೀನು ಮೆಷಿನ್ ಮಾರೋನು ಕಣೋ, ಮೆಷಿನ್ ತಿಳಿದೋನಲ್ಲ” ಎಂದೆ. ಅವನ ಮುಖ ಕೆಂಪಾಯಿತು. “ಅಕ್ಕಾ, ತುಕ್ಕು ಹಿಡಿದಿರೋದು ಮೆಷಿನ್‌ಗಲ್ಲ, ನಿನಗೆ” ಅಂದುಬಿಟ್ಟ. ಮೂರು ಜನರ ಮುಂದೆ! “ಇನ್ನೊಂದು ಸಲ ಈ ಅಂಗಡಿ ಮೆಟ್ಟಿಲು ಹತ್ತಬೇಡ” ಎಂದೆ. ಅವನು ಹತ್ತಲಿಲ್ಲ. ನಾನೂ ಕರೆಯಲಿಲ್ಲ.

ಎರಡು ವರ್ಷದ ಹಿಂದೆ ನನ್ನ ಮಗಳು ಫೋನಿಗೆ ಈ ಆಟ ಹಾಕಿಕೊಟ್ಟಳು. ಒಂದು ನದಿ, ಒಂದು ದೋಣಿ, ಇಬ್ಬರು ಆಟಗಾರರು. ಎಡಗಡೆಯ ಹುಟ್ಟು ಒಬ್ಬರದು, ಬಲಗಡೆಯದು ಇನ್ನೊಬ್ಬರದು. ಹೆಸರು ಕೇಳಿತು, ‘ಕತ್ತರಿ’ ಎಂದು ಕೊಟ್ಟೆ. ಮೂರನೇ ದಿನ “‘ಗುಂಡುಪಿನ್ನು’ ನಿಮ್ಮ ದೋಣಿ ಹತ್ತಲು ಬಯಸುತ್ತಾರೆ” ಎಂದು ಬಂತು. ಫೋನಿನಿಂದ ತಲೆಯೆತ್ತಿ ನೋಡಿದೆ. ಮಗಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆಯುತ್ತಿದ್ದಳು. ಅವಳದೇ ಕಿತಾಪತಿ ಎಂದು ಗೊತ್ತಾಯಿತು, ಆದರೆ ನಾನು ಕೇಳಲಿಲ್ಲ. ಹತ್ತಿಸಿಕೊಂಡೆ.

ಆ ಆಟದಲ್ಲಿ ಮಾತಿಲ್ಲ. ಜನ ಬಾಯಿಗೆ ಬಂದಂತೆ ಬೈಯುತ್ತಾರೆಂದು ಕಂಪನಿಯವರು ಮಾತನ್ನು ಕಿತ್ತುಹಾಕಿದ್ದಾರೆ. ಇರುವುದು ನಾಲ್ಕೇ ಗುಂಡಿ: ಎಡಕ್ಕೆ, ಬಲಕ್ಕೆ, ತಡಿ, ಭೇಷ್. ಎರಡು ವರ್ಷ ನಾನೂ ನನ್ನ ತಮ್ಮನೂ ಈ ನಾಲ್ಕು ಮಾತಿನಲ್ಲೇ ಬದುಕಿದೆವು. ಮಧ್ಯಾಹ್ನ ಎರಡಕ್ಕೆ ನಾನು ಶಟರ್ ಅರ್ಧ ಎಳೆಯುತ್ತಿದ್ದೆ. ಅಲ್ಲಿ ಅವನಿಗೂ ಊಟದ ಬಿಡುವು. ಅರ್ಧ ಗಂಟೆ ದೋಣಿ. ಬಂಡೆ ತಪ್ಪಿಸಿದಾಗ ಅವನು ಭೇಷ್ ಅನ್ನುತ್ತಿದ್ದ. ಒಂದು ದಿನ ನನಗೆ ಜ್ವರ ಬಂದು ಕೈ ನಿಧಾನವಾದಾಗ ತಡಿ, ತಡಿ, ತಡಿ ಎಂದು ಒತ್ತಿ ದೋಣಿಯನ್ನು ದಡಕ್ಕೆ ಹಾಕಿ ಕೂತಿದ್ದ. ಅವತ್ತು ನಾನು ಮೇಜಿಗೆ ತಲೆಯಿಟ್ಟು ಅತ್ತೆ. ನಮ್ಮಿಬ್ಬರ ನಡುವೆ ಉಳಿದಿದ್ದು ಆ ಅರ್ಧ ಗಂಟೆ ಮಾತ್ರ. ಅದರ ಮೇಲೆ ಬಂದು ಕೂತಿತು ನೋಡಿ, ಈ ಕಡ್ಡಾಯ!

ನನ್ನ ಫೋನು ಹಳೆಯದು. ಹೊಸ ಆವೃತ್ತಿಗೆ ಅದರಲ್ಲಿ ಜಾಗ ಇಲ್ಲವಂತೆ. ಮೊಬೈಲ್ ರಿಪೇರಿಯವನ ಹತ್ತಿರ ಹೋದರೆ, ಅವನು ಫೋನನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, “ಇದು ಇನ್ನೂ ಓಡ್ತಾ ಇದೆಯಾ ಮೇಡಂ?” ಎಂದ. ಪಿತ್ತ ನೆತ್ತಿಗೇರಿತು. “ಅಂಗಡಿ ನಡೆಸ್ತೀಯಲ್ಲಪ್ಪಾ, ರಿಪೇರಿ ಅಂತ ಬೋರ್ಡ್ ಬೇರೆ ಹಾಕ್ಕೊಂಡಿದೀಯಾ” ಎಂದು ಫೋನ್ ಕಿತ್ತುಕೊಂಡು ಬಂದೆ.

ಅದೇ ಸಿಟ್ಟಿನಲ್ಲಿ ಆಟದ ದೂರಿನ ಪುಟ ತೆಗೆದು, ಐದರಲ್ಲಿ ಒಂದೇ ನಕ್ಷತ್ರ ಕೊಟ್ಟು ಬರೆದೆ: “ನನ್ನ ಅಂಗಡಿಯಲ್ಲಿ ಅರವತ್ತು ವರ್ಷದ ಹೊಲಿಗೆ ಮೆಷಿನ್ ಇನ್ನೂ ಹೊಲಿಯುತ್ತದೆ. ನಿಮ್ಮ ದೋಣಿ ಎರಡು ವರ್ಷಕ್ಕೇ ಮುಳುಗುತ್ತದೆಯೇ? ಬೇಕಾದವರು ಹಾಕಿಕೊಳ್ಳಲಿ, ಬೇಡದವರನ್ನು ಬಿಡಿ. ಕಡ್ಡಾಯ ಅನ್ನಲು ನೀವು ಯಾರು? ನಾನಂತೂ ಸತ್ತರೂ ಮಾಡಿಕೊಳ್ಳುವುದಿಲ್ಲ. ಇತಿ, ಕತ್ತರಿ.” ಬರೆದ ಮೇಲೆ ಹೊಟ್ಟೆ ತಣ್ಣಗಾಯಿತು.

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಂದು ನನ್ನ ದೂರು ಓದಿ ನಕ್ಕಳು.

“ಅಮ್ಮಾ, ಕಡ್ಡಾಯ ಮಾಡಲೇಬೇಕಮ್ಮ. ಹಳೇದರಲ್ಲಿ ಏನೋ ತೂತಿದೆಯಂತೆ, ಕೆಲವರು ಬಂಡೆ ಒಳಗಿಂದಾನೇ ದೋಣಿ ತೂರಿಸ್ಕೊಂಡು ಹೋಗ್ತಿದ್ದಾರೆ. ಮೋಸ ಅಲ್ವಾ?”

“ಮೋಸ ಮಾಡೋರನ್ನ ಹಿಡೀಲಿ. ನಾನೇನು ಬಂಡೆ ತೂರಿದೀನಾ?”

“ಸರಿ, ಅದು ಬಿಡು. ನಿನ್ನ ಫೋನಲ್ಲಿ ಬಂಡೆ ಇಲ್ಲಿದೆ, ಮಾವನ ಫೋನಲ್ಲಿ ಅಲ್ಲಿದೆ ಅಂದ್ರೆ ಇಬ್ರೂ ಹೆಂಗೆ ಹುಟ್ಟು ಹಾಕ್ತೀರಾ? ದಾರ ಸುತ್ತಿದ ಬಾಬಿನ್ ಒಂದು ಅಳತೆ, ಅದು ಕೂರೋ ಕೇಸ್ ಇನ್ನೊಂದು ಅಳತೆ ಆದ್ರೆ ಹೊಲಿಗೆ ಬೀಳುತ್ತಾ? ದಿನಾ ಗಿರಾಕಿಗಳಿಗೆ ನೀನೇ ತಾನೇ ಹೇಳೋದು?”

ನನ್ನ ಮಾತನ್ನೇ ತಿರುಗಿಸಿ ನನಗೆ ಹೊಡೆದಳು. ಅದಕ್ಕಿಂತ ಹೆಚ್ಚಾಗಿ, ಎರಡು ವರ್ಷದಲ್ಲಿ ಮೊದಲ ಸಲ ‘ಮಾವ’ ಎಂಬ ಪದವನ್ನು ನನ್ನೆದುರು ಆಡಿದಳು. ಬಾಬಿನ್ ವಿಷಯ ನಿನಗೇನು ಗೊತ್ತು, ಹೋಗಿ ಕೈಕಾಲು ತೊಳಿ ಎಂದು ಗದರಿಸಿ ಎದ್ದುಹೋದೆ.

ಬೈದೆ ನಿಜ, ಆದರೆ ವಾರವಿಡೀ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವನು ಹೊಸ ವಸ್ತು ಕಂಡರೆ ಬಾಯಿ ಬಿಡುವವನು. ಖಂಡಿತ ಮೊದಲ ದಿನವೇ ಸರಿ ಒತ್ತಿರುತ್ತಾನೆ. ನಾನು ಹಟ ಹಿಡಿದು ದಡದಲ್ಲಿ ಕೂತರೆ ನಷ್ಟ ಯಾರಿಗೆ? ಏಳು ದಿನ ಇಬ್ಬರೂ ಒಟ್ಟಿಗೆ ಹುಟ್ಟು ಹಾಕದಿದ್ದರೆ ಆ ಆಟದಲ್ಲಿ ಜೋಡಿ ರದ್ದು ಬೇರೆ. ಆಮೇಲೆ ಯಾರೋ ಮುಖ ಕಾಣದವರನ್ನು ತಂದು ಕೂರಿಸುತ್ತಾರೆ. ಭಾನುವಾರ ಮಧ್ಯಾಹ್ನ ಹಲ್ಲು ಕಚ್ಚಿಕೊಂಡು ಮಗಳನ್ನು ಕರೆದೆ. “ಏನು ತೆಗೀಬೇಕೋ ತೆಗಿ, ಹಾಕು” ಎಂದೆ. ತೆಗೆಯಲು ಇದ್ದಿದ್ದು ಮೆಷಿನ್‌ಗಳ ಫೋಟೋಗಳು. ಯಾವ ಮೆಷಿನ್ನು ಬಿಚ್ಚಿದರೂ ಮೊದಲು ಅದರ ಒಳಗಿನದರ ಫೋಟೋ ಹಿಡಿಯುವುದು ನನ್ನ ಪದ್ಧತಿ, ಜೋಡಿಸುವಾಗ ತಪ್ಪಬಾರದೆಂದು. ಎಂಟು ವರ್ಷದ ಸಾವಿರಾರು ಫೋಟೋ. ಎಲ್ಲ ಹೋಯಿತು. ಒಂದು ಗಂಟೆ ಚಕ್ರ ತಿರುಗಿತು. ಅಪ್‌ಡೇಟ್ ಆಯಿತು.

ಸೋಮವಾರ ಎರಡಕ್ಕೆ ಶಟರ್ ಎಳೆದು ಕೂತೆ. ನದಿ ಥಳಥಳ ಹೊಳೆಯುತ್ತಿತ್ತು, ನೀರಿಗೆ ಹೊಸ ಬಣ್ಣ ಬಳಿದಿದ್ದರು. ಆದರೆ ಬಲಗಡೆ ಖಾಲಿ. “ಜೊತೆಗಾರರು ಬಂದಿಲ್ಲ.” ಒಬ್ಬಳೇ ಎಡಗಡೆ ಹುಟ್ಟು ಹಾಕಿದೆ. ದೋಣಿ ಇದ್ದಲ್ಲೇ ಗಿರಗಿರ ಸುತ್ತಿತು. ಮಂಗಳವಾರವೂ ಬರಲಿಲ್ಲ. ಬುಧವಾರವೂ ಇಲ್ಲ. ಅಯ್ಯೋ, ಇವನಿಗಾಗಿ ನಾನು ನನ್ನ ಫೋಟೋಗಳನ್ನೆಲ್ಲ ಕಳೆದುಕೊಂಡೆನಲ್ಲ! ನೆಪ ಸಿಕ್ಕಿತು, ಬಿಟ್ಟ. ಬೇಜಾರಾಗಿತ್ತು ಅನ್ನಿಸುತ್ತೆ ಅಕ್ಕನ ಸಹವಾಸ. ಆ ಮೂರು ದಿನ ಅಂಗಡಿಗೆ ಬಂದವರ ಪಾಡು ಬೇಡ. ಪೆಡಲ್ ಕೀರಲು ಸದ್ದು ಮಾಡುತ್ತದೆ ಎಂದು ಬಂದ ದರ್ಜಿಗೆ, “ನಿಮ್ಮ ಮೇಲೆ ಇಷ್ಟು ವರ್ಷ ಯಾರಾದ್ರೂ ಕಾಲು ಹಾಕ್ಕೊಂಡಿದ್ರೆ ನೀವೂ ಕಿರುಚ್ತಿದ್ರಿ” ಎಂದುಬಿಟ್ಟೆ. ಪಾಪ, ಅವರು ಮೆಷಿನ್ ಇಟ್ಟು ಹೋದರು. ಗುರುವಾರ, ಶುಕ್ರವಾರ ನಾನು ಫೋನ್ ಮುಟ್ಟಲೂ ಇಲ್ಲ.

ಶನಿವಾರ ಮಗಳಿಗೆ ರಜೆ. ಮಧ್ಯಾಹ್ನ ಊಟದ ಡಬ್ಬಿ ತಂದವಳು ಎರಡು ಗಂಟೆಗೆ ಶಟರ್ ಅರ್ಧ ಎಳೆದೂ ಕೆಲಸ ಮಾಡುತ್ತಿದ್ದ ನನ್ನನ್ನು ಕಂಡು ಫೋನ್ ಎತ್ತಿಕೊಂಡಳು. ಏನೇನೋ ಒತ್ತಿದಳು. ಆಮೇಲೆ ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತಳು.

“ಅಮ್ಮಾ, ಏನು ಮಾಡಿದೀಯಾ ಗೊತ್ತಾ? ಕಂಪನಿಯವರು ಕಡ್ಡಾಯ ತೆಗೆದುಬಿಟ್ಟಿದ್ದಾರೆ. ಭಾನುವಾರ ಸಂಜೇನೇ. ಬೇಕಾದೋರು ಹೊಸದು ಹಾಕ್ಕೊಳ್ಳಿ, ಬೇಡದೋರು ಹಳೇದರಲ್ಲೇ ಇರಿ ಅಂತ. ಹಳೇದರಲ್ಲಿ ಇರೋರಿಗೆ ಮಾತ್ರ ಹೇಳಿದ್ದಾರೆ, ಅದಕ್ಕೆ ನಮಗೆ ಬಂದಿಲ್ಲ.”

“ಯಾಕೆ ತೆಗೆದ್ರಂತೆ?”

“ನಿನ್ನಂಥೋರು ದೂರು ಕೊಟ್ಟಿದ್ದಕ್ಕೆ! ನಿನ್ನದೇ ಎಲ್ಲಕ್ಕಿಂತ ಮೇಲಿದೆ, ಸಾವಿರದ ಚಿಲ್ಲರೆ ಜನ ಒಪ್ಪಿದ್ದಾರೆ. ಈಗ ನದಿ ಎರಡಾಗಿದೆ. ಹೊಸದರವರು ಹಳೇದಕ್ಕೆ ವಾಪಸ್ ಹೋಗೋ ಹಾಗಿಲ್ಲ. ಹಳೇದರವರು ಹೊಸದರವರಿಗೆ ಕಾಣಲ್ಲ.”

“ಕಾಣದಿದ್ರೆ ಅವನಿಗೇ ನಷ್ಟ. ಅವನು ಹೊಸದರಲ್ಲೇ ತಾನೇ ಇರೋದು?”

ಮಗಳು ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ನನ್ನ ದೂರಿನ ಕೆಳಗೆ ಒಂದು ಉತ್ತರ ಇತ್ತು. “ಈ ಅಕ್ಕ ಹೇಳೋದು ಸರಿ. ಹಳೇ ಮೆಷಿನ್ ಅಂತ ಯಾರನ್ನೂ ದಡಕ್ಕೆ ತಳ್ಳಬೇಡಿ. ಅಕ್ಕ ಅಪ್‌ಡೇಟ್ ಮಾಡಲ್ಲ ಅಂದ್ರೆ ನಾನೂ ಮಾಡಲ್ಲ. ಇತಿ, ಗುಂಡುಪಿನ್ನು.”

ಎರಡು ಸಲ ಓದಿದೆ. ಮೂರನೇ ಸಲ ಅಕ್ಷರ ಮಸುಕಾಯಿತು. ಊರಿಗೆಲ್ಲ ಹೊಸದು ಮಾರುವ ನನ್ನ ತಮ್ಮ ನನಗಾಗಿ ಹಳೆಯದರಲ್ಲಿ ಕೂತಿದ್ದ. ಹೊಸದೆಂದರೆ ಮೈಮೇಲೆ ಬರುವ ನಾನು ಅವನಿಗಾಗಿ ಹೊಸದಕ್ಕೆ ಹೋಗಿದ್ದೆ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಅವರು ಎಲ್ಲರನ್ನೂ ಬಲವಂತವಾಗಿ ಒಂದೇ ನದಿಗೆ ನೂಕುತ್ತಿದ್ದರು, ನಾವು ಸೋಮವಾರವೇ ಭೇಷ್ ಅಂದುಕೊಂಡು ಇರುತ್ತಿದ್ದೆವು. ನನ್ನ ಬಾಯಿಗಿಷ್ಟು ಬೆಂಕಿ ಹಾಕ!

“ಇವತ್ತು ಆರನೇ ದಿನ ಅಮ್ಮ. ನಾಳೆಗೆ ಜೋಡಿ ರದ್ದು” ಎಂದಳು ಮಗಳು. “ಫೋನ್ ಮಾಡು.”

“ನೀನು ಮಾಡು.”

“ಎರಡು ವರ್ಷ ನಾನು ಮಾಡಿದ್ದು ಸಾಕು” ಎಂದು ಡಬ್ಬಿಯನ್ನೂ ತೆರೆಯದೆ ಶಟರ್ ಕೆಳಗೆ ಬಗ್ಗಿ ಹೊರಟೇಹೋದಳು.

ಆರು ವರ್ಷದಲ್ಲಿ ಆ ನಂಬರನ್ನು ಒತ್ತಿರಲಿಲ್ಲ, ಅಳಿಸಿಯೂ ಇರಲಿಲ್ಲ. ಒಂದೇ ರಿಂಗಿಗೆ ಎತ್ತಿದ. ನನಗೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, “ಅಪ್‌ಡೇಟ್ ಹಾಕ್ಕೊಳ್ಳೋ” ಎಂದೆ.

“ನೀನು ಹಾಕ್ಕೊಂಡ್ಯಾ?”

“ಹೂಂ.”

“ಸತ್ರೂ ಮಾಡ್ಕೊಳ್ಳಲ್ಲ ಅಂತ ಬರೆದಿದ್ಯಲ್ಲಕ್ಕಾ!”

“ಬರೀತೀನಪ್ಪಾ. ಸಿಟ್ಟಲ್ಲಿ ಏನೇನೋ ಬರೀತೀನಿ. ಅದನ್ನೆಲ್ಲ ನಂಬಿಕೊಂಡು ಕೂರ್ತಾರಾ ಯಾರಾದ್ರೂ?”

“ಕೂತಿದ್ನಲ್ಲ! ಆರು ದಿನದಿಂದ ಒಬ್ಬನೇ ಹುಟ್ಟು ಹಾಕಿ ಹಾಕಿ, ದೋಣಿ ಸುತ್ತಿ ಸುತ್ತಿ ತಲೆ ತಿರುಗ್ತಾ ಇದೆ ನಂಗೆ. ನೀನು ಬಿಟ್ಟುಬಿಟ್ಟೆ ಅಂದ್ಕೊಂಡೆ.”

“ನಾನೂ ಹಂಗೇ ಅಂದ್ಕೊಂಡೆ” ಎಂದೆ. “ಮಾತು ಸಾಕು, ಮೊದಲು ಸರಿ ಅಂತ ಒತ್ತು.”

ಅವನು ಆಡುವುದು ಶೋರೂಮಿನ ಟ್ಯಾಬಿನಲ್ಲಂತೆ. ಒತ್ತಿದ. “ನಲವತ್ತು ನಿಮಿಷ ಅಂತ ತೋರಿಸ್ತಿದೆ. ಫೋನ್ ಇಡ್ಲಾ?”

“ಇಡಬೇಡ” ಎಂದೆ. “ಎಷ್ಟಾಯ್ತು ಹೇಳ್ತಾ ಇರು.”

“ಎರಡು ಪರ್ಸೆಂಟ್” ಎಂದ.

ಹಾಗೇ ಕೂತೆವು. ಒಂಬತ್ತು ಪರ್ಸೆಂಟಿಗೆ, ಚಿಕ್ಕಂದಿನಿಂದ ಇದ್ದ ಆ ಕೆಮ್ಮು ಹೋಯಿತಾ ಎಂದು ಕೇಳಿದೆ. ಇಪ್ಪತ್ತಕ್ಕೆ, ಅಪ್ಪನ ಎಣ್ಣೆ ಡಬ್ಬಿ ಇನ್ನೂ ಇದೆಯಾ ಎಂದು ಕೇಳಿದ. ಇದೆ, ಮೂತಿ ಮಾತ್ರ ಸೊಟ್ಟಗಾಗಿದೆ ಎಂದೆ. ಮೂವತ್ತೊಂದಕ್ಕೆ ಬಂದು ಚಕ್ರ ನಿಂತೇಬಿಟ್ಟಿತಂತೆ. ಬೇರೆ ದಿನವಾಗಿದ್ದರೆ ಕಂಪನಿಯವರ ವಂಶವನ್ನೆಲ್ಲ ಜಾಲಾಡುತ್ತಿದ್ದೆ. ಇವತ್ತು ನಿಧಾನವಾಗಿಯೇ ಆಗಲಿ ಅನ್ನಿಸಿತು.

“ಅಕ್ಕಾ” ಎಂದ ಅವನು, “ಅವತ್ತು ಗಿರಾಕಿಗಳ ಮುಂದೆ ಹಂಗೆ ಅನ್ನಬಾರದಿತ್ತು ನಾನು.”

“ನಾನು ಮೊದಲು ಅಂದೆ. ನಿಂಗೆ ಮೆಷಿನ್ ತಿಳಿಯಲ್ಲ ಅಂದಿದ್ದು ತಪ್ಪು ಕಣೋ. ಅಪ್ಪನ ಕೈ ಬಂದಿರೋದು ನಿಂಗೇನೆ.”

ಅವನು ಮೂಗು ಏರಿಸಿದ ಸದ್ದು ಕೇಳಿಸಿತು. ಪಕ್ಕದಲ್ಲಿ ಯಾರೋ ಸರ್, ಗಿರಾಕಿ ಬಂದಿದ್ದಾರೆ ಎಂದರು. ಅವನು ಇರಲಿ ಬಿಡಿ, ಕಾಯಲಿ ಎಂದ.

“ಎಷ್ಟಾಯ್ತೋ?”

“ಮೂವತ್ತೊಂದೇ. ಅಲ್ಲಾಡ್ತಾನೇ ಇಲ್ಲ.”

“ಸುಡ್ಲಿ ಅತ್ಲಾಗೆ, ಬಿಡು ಅದನ್ನ” ಎಂದೆ. “ಅಂಗಡಿಗೇ ಬಂದುಬಿಡು. ಊಟದ ಡಬ್ಬಿ ಹಂಗೇ ಇದೆ.”

“ಮೆಟ್ಟಿಲು ಹತ್ತಬೇಡ ಅಂದಿದ್ಯಲ್ಲಕ್ಕಾ?”

“ಅದು ಹಳೇ ವರ್ಷನ್ ಕಣೋ. ಬಾ.”

ಫೋನ್ ಇಟ್ಟು, ಅರ್ಧ ಎಳೆದಿದ್ದ ಶಟರನ್ನು ಎರಡೂ ಕೈಯಿಂದ ಪೂರ್ತಿ ಮೇಲಕ್ಕೆತ್ತಿದೆ.