ಬ್ಯಾಂಕಾಕಿನಿಂದ ಔರಾದಿಗೆ

ಪೆಟ್ಟಿಗೆಯ ಗಾಜಿನ ಒಳಗೆ ಒಂದು ಹನಿ ಜಾರುತ್ತಿದೆ, ಅತ್ತೆಯ ಹಣೆಯ ವಿಭೂತಿ ಮೇಲೆ ಬೀಳುತ್ತದೇನೋ, ಇಲ್ಲ, ಕಿವಿಯ ಪಕ್ಕ ಬಿತ್ತು, ಥೂ, ಬೀದರದಿಂದ ತರಿಸಿದ ಈ ಐಸ್ ಪೆಟ್ಟಿಗೆಯ ಗುಂಯ್ ಸದ್ದು ನಿನ್ನೆಯಿಂದ ತಲೆಯೊಳಗೇ ಕೂತಿದೆ, ಊದುಬತ್ತಿ ಹೊಗೆ, ಬಾಡಿ ನಾರುವ ಚೆಂಡುಹೂವು, ಅದರ ಪಕ್ಕದಲ್ಲೇ ಸುರ್ರೆಂದು ಚಹಾ ಹೀರುವ ನೆಂಟರು — ಎಲ್ಲಕ್ಕೂ ಹೇಸಿಗೆಯಾಗುತ್ತಿದೆ. ಬ್ಯಾಂಕಾಕ್ ಬಹಳ ದೂರ ಅದ ಶಿವಾನಿ, ಸಮುದ್ರ ದಾಟಿ ಬರಬೇಕು, ವಿಮಾನದಾಗ ಸೀಟೂ ಇಲ್ಲ, ನಾಳಿ ರಾತ್ರಿಗೆ ಮುಟ್ತೇನಿ, ಅಲ್ಲಿತನಕಾ ಅವ್ವಗ ಪೆಟ್ಟಿಗ್ಯಾಗ ಇಡ್ರಿ. ನನ್ನ ಗಂಡ ಓಂಪ್ರಕಾಶ ನಿನ್ನೆ ಫೋನಿನಲ್ಲಿ ಅಂದದ್ದು, ದನಿಯ ಹಿಂದೆ ಯಾವುದೋ ಹಾಡು. ಭಾಲ್ಕಿಯಲ್ಲಿ ನಮ್ಮದು ಬೀಜದ ಅಂಗಡಿ, ಹೆಚ್ಚು ಚೀಲ ಮಾರಿದವರನ್ನು ಕಂಪನಿ ಪುಕ್ಕಟೆ ತಿರುಗಾಡಿಸಿಕೊಂಡು ಬರುತ್ತದೆ, ಇವರು ಹೊರಟ ದಿನ ಅತ್ತೆಯ ಗಂಟಲಲ್ಲಿ ಗಂಜಿ ಇಳಿಯುತ್ತಿರಲಿಲ್ಲ, ಹೂವಿನ ಅಂಗಿಗೆ ಇಸ್ತ್ರಿ ಮಾಡಿಕೊಟ್ಟವಳು ನಾನೇ.

ನಮ್ಮಲ್ಲಿ ಜೀವ ಹೋದ ಕೂಡಲೇ, ಮೈ ಮೆತ್ತಗಿರುವಾಗಲೇ ಗೋಡೆಗೆ ಒರಗಿಸಿ ಕೂರಿಸಬೇಕು, ಕೂತಂತೆಯೇ ಮಣ್ಣಿಗೆ ಇಳಿಸಬೇಕು, ಹಾಸಿಗೆ ಹಿಡಿದಿದ್ದ ಅತ್ತೆ ಬಾಯಿಬಿಟ್ಟು ಕೇಳಿದ್ದೂ ಅದೊಂದನ್ನೇ, ನನಗ ಕುಂದ್ರಿಸೇ ಒಯ್ಲಾಕ ಹೇಳವ್ವ, ಮಕ್ಕೊಂಡು ಮಕ್ಕೊಂಡು ಸಾಕಾಗ್ಯಾದ. ನಿನ್ನೆ ಕೂರಿಸೋಣ ಅಂದೆ, ಅತ್ತೆಯ ಮೈದುನ ಶಿವರಾಜಪ್ಪ ಮಾವ ಒಪ್ಪಲಿಲ್ಲ, ಒಬ್ಬನೇ ಮಗ, ಅವನು ಬರದೆ ಹ್ಯಾಂಗ ಅಂದರು, ಪೆಟ್ಟಿಗೆಯಲ್ಲಿ ಕೂರಿಸಲು ಜಾಗವಿಲ್ಲ, ಉದ್ದಕ್ಕೆ ಮಲಗಿಸಿ ಮುಚ್ಚಿದರು. ಈಗ ಹಾರ ಹಿಡಿದು ಬಂದವನು ಅಮಿತಕುಮಾರ, ಭಾಲ್ಕಿಯ ಇನ್ನೊಬ್ಬ ಅಂಗಡಿಯವನು, ಅದೇ ಗುಂಪಿನಲ್ಲಿ ಹೋಗಿದ್ದವನು, ಅಲ್ಲಿಯ ಊಟ ಒಗ್ಗದೆ ನಿನ್ನೆ ರಾತ್ರಿಯೇ ಹೊರಟು ಬಂದನಂತೆ, ಹೈದರಾಬಾದಿಗೆ ಮೂರೂವರೆ ತಾಸು, ವಿಮಾನ ಅರ್ಧ ಖಾಲಿ, ಅಲ್ಲಿಂದ ಈ ಔರಾದಿಗೆ ಕಾರಿನಲ್ಲೇ ಹೆಚ್ಚು ಹೊತ್ತು ಹಿಡಿಯಿತು ಅನ್ನುತ್ತಾನೆ ಪಾಪ, ಇವರು ನನಗೆ ಏನು ಹೇಳಿದ್ದಾರೆಂದು ಗೊತ್ತಿಲ್ಲದೆ. ಅಣ್ಣಗೂ ಕರದೆರಿ ಅಕ್ಕಾ, ಇವತ್ತು ಹಡಗಿನ ಊಟ ಅದ, ಅದು ಮುಗಿಸಿ ಬರ್ತೇನಿ ಅಂದ್ರು. ಹಡಗಿನ ಊಟ. ಹದಿನೆಂಟು ವರ್ಷ ಅದೇ ಬಾಯಿಗೆ ರೊಟ್ಟಿ ಬಡಿದು ಹಾಕಿದೆನಲ್ಲ, ಹೆತ್ತವಳು ಇಲ್ಲಿ ಮರಗಟ್ಟುತ್ತಿರುವಾಗ ಆ ಬಾಯಿ ಅಲ್ಲಿ ಅಗಿಯುತ್ತಿರುತ್ತದೆ, ಥೂ, ನಾನು ಎದ್ದೇಬಿಟ್ಟೆ.

ಮಾವ, ಪೆಟ್ಟಿಗಿ ತೆರೀರಿ. ಇನ್ನ ಯಾರಿಗೂ ಕಾಯೋದು ಬ್ಯಾಡ್ರಿ. ನನ್ನ ದನಿಗೆ ಚಹಾದ ಬಟ್ಟಲುಗಳು ನೆಲಕ್ಕಿಳಿದವು, ಅಮಿತಕುಮಾರನ ಮಾತು ಕೇಳಿಸಿಕೊಂಡಿದ್ದ ಮಾವ ತಲೆ ತಗ್ಗಿಸಿ ಎದ್ದರು, ನಾಲ್ಕು ಜನ ಎತ್ತಿದರು, ಗೋಡೆಗೆ ಒರಗಿಸಿದರು, ಬೆನ್ನು ಬಾಗಲಿಲ್ಲ, ಜಾರಿತು, ಮತ್ತೆ ಹಿಡಿದರು, ಬಿಸಿನೀರಿನ ಬಟ್ಟೆ ಸುತ್ತಿದರು, ಕಾಲು ನೆಟ್ಟಗೆ ಮುಂದಕ್ಕೇ ಚಾಚಿವೆ, ಮಾವ ಮುಖ ಆ ಕಡೆ ತಿರುಗಿಸಿಕೊಂಡು ಎರಡೂ ಕೈಯಿಂದ ಒತ್ತುತ್ತಿದ್ದಾರೆ — ಇಲ್ಲವ್ವ, ಮಲಗಿಸೇ ಒಯ್ಬೇಕಾಗ್ತದ. ಕೈಯಲ್ಲಿ ಫೋನು ನಡುಗಿತು, ಅವರೇ, ವಿಡಿಯೋ, ಬೆನ್ನ ಹಿಂದೆ ನೀಲಿ ನೀರು, ಅವ್ವನ ಮಾರಿ ತೋರಿಸು ಶಿವಾನಿ, ಒಮ್ಮೆ ಮಾರಿ ತೋರಿಸು ಅನ್ನುತ್ತಾರೆ, ಮಾರಿ ತೋರಿಸುವುದಿಲ್ಲ ನಾನು, ಫೋನನ್ನು ಕೆಳಗೆ ಹಿಡಿಯುತ್ತೇನೆ, ನೋಡ್ರಿ, ಮೊಣಕಾಲು, ಒದ್ದೆ ಸೀರೆಯೊಳಗಿನ ಮೊಣಕಾಲು, ಮಾವ ಇನ್ನೊಮ್ಮೆ ಒತ್ತುತ್ತಾರೆ, ಮಡಚುತ್ತಿಲ್ಲ, ಮೂರೂವರೆ ತಾಸು, ಮೊಣಕಾಲು, ಮಡಚುತ್ತಿಲ್ಲ, ಮೊಣಕಾಲು