ನಮುಬಿರು ತೋಟಕ್ಕೆ ಬಂದ ದಿನ

ನೀಲಗಂಗಮ್ಮ ತೀರಿಕೊಂಡ ಮೇಲೆ ನಾಗರತ್ನಾ ತೋಟದ ಕಡೆ ಹೋಗಿರಲಿಲ್ಲ. ಹೋಗಬಾರದೆಂದು ಪಣ ತೊಟ್ಟಿದ್ದಳೆಂದಲ್ಲ. ಬೆಳಿಗ್ಗೆ ಎದ್ದು ಹಾಲು ಕಾಸುವಳು, ರೊಟ್ಟಿ ಬಡಿಯುವಳು, ಬಟ್ಟೆ ಒಗೆಯುವಳು. ಅಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಆಮೇಲೆ ಎಲ್ಲಿಗಾದರೂ ಹೋಗಬೇಕೆಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ.

ಇಬ್ಬರೂ ಕಮಲಾಪುರದ ಒಂದೇ ಮನೆಯ ಸೊಸೆಯಂದಿರು. ಹಿರಿಯ ದೇವೀಂದ್ರಪ್ಪ, ನೀಲಗಂಗಮ್ಮನ ಗಂಡ, ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟಿದ್ದ. ಕಿರಿಯ ಶಿವಲಿಂಗ, ನಾಗರತ್ನಾಳ ಗಂಡ, ಬಸ್ಸಿನ ಡ್ರೈವರ್. ಹಾಗಾಗಿ ಮನೆಯ ಕೆಂಪು ಬಾಳೆಯ ತೋಟವನ್ನು ಮೊದಲಿನಿಂದಲೂ ನೋಡಿಕೊಂಡವರು ಹೆಂಗಸರಿಬ್ಬರೇ. ಎಷ್ಟು ನೀರು, ಯಾವಾಗ ಗೊಬ್ಬರ, ಯಾವ ಗೊನೆ ಮೊದಲು ಇಳಿಸುವುದು ಎಂದು ದಿನವಿಡೀ ಜಗಳ. ಸಂಜೆ ಒಂದೇ ತಾಟಿನಲ್ಲಿ ಊಟ. ಊರಿನ ರೈತ ಹೆಂಗಸರದೊಂದು ಸಂಘ ಕಟ್ಟಿದವಳೂ ನೀಲಗಂಗಮ್ಮನೇ. ಮಾತಾಡುವುದೆಲ್ಲ ಅವಳ ಪಾಲು, ಕೇಳುವುದು ನಾಗರತ್ನಾಳದು.

ಒಂದು ಮಧ್ಯಾಹ್ನ ಬದುವಿನ ಮೇಲೆ ನಿಂತಿದ್ದ ನೀಲಗಂಗಮ್ಮ ಎದೆ ಹಿಡಿದುಕೊಂಡು ಕುಳಿತಳು. ಪಕ್ಕದ ಹೊಲದವರ ಟೆಂಪೋದಲ್ಲಿ ಮಲಗಿಸಿಕೊಂಡು ಕಲಬುರಗಿಗೆ ಓಡಿದರು. ಸೇಡಂ ರಸ್ತೆಯ ಆಸ್ಪತ್ರೆ ಮುಟ್ಟುವ ಮೊದಲೇ, ನಾಗರತ್ನಾಳ ತೊಡೆಯ ಮೇಲೆ, ಉಸಿರು ನಿಂತಿತ್ತು. ನಾಗರತ್ನಾ ಅಳಲಿಲ್ಲ. ಮಣ್ಣಿಗೆ ಬಂದ ಹೆಂಗಸರು ಅವಳ ಮುಖ ನೋಡಿ ತಮ್ಮತಮ್ಮಲ್ಲೇ ಏನೋ ಅಂದುಕೊಂಡರು. ಅವಳು ಎಲ್ಲರಿಗೂ ಚಹಾ ಮಾಡಿ ಕೊಟ್ಟಳು, ಬಂದವರ ಮಕ್ಕಳಿಗೆ ಊಟಕ್ಕೆ ಬಡಿಸಿದಳು. ಕೈಕಾಲು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡುತ್ತಿದ್ದವು.

ಕಾರ್ಯಗಳೆಲ್ಲ ಮುಗಿದ ಮೇಲೆ ದೇವೀಂದ್ರಪ್ಪ ಅವಳನ್ನು ಕರೆದು, ತೋಟವನ್ನು ಊರಿನ ಹುಸೇನನಿಗೆ ಪಾಲಿಗೆ ಕೊಟ್ಟುಬಿಡೋಣ, ಒಬ್ಬಳಿಂದ ಆಗುವ ಕೆಲಸವಲ್ಲ ಎಂದ. ಅವಳು ಆಯ್ತ್ರಿ ಎಂದಳು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು.

ಅದೇ ವಾರ ಕಲಬುರಗಿಯಿಂದ ಅಂಬಿಕಾ ಬಂದಳು. ರೈತ ಮಹಿಳೆಯರ ಸಂಘಗಳ ಜೊತೆ ಕೆಲಸ ಮಾಡುವ ಸಂಸ್ಥೆಯೊಂದರವಳು. ಉಗಾಂಡಾ ದೇಶದ ಕೆಲವು ರೈತ ಹೆಂಗಸರು ಬರುತ್ತಿದ್ದಾರೆ, ಖೂಬಾ ಪ್ಲಾಟ್‌ನ ಸಭಾಭವನದಲ್ಲಿ ಅವರಿಗೆ ಸನ್ಮಾನ, ಮರುದಿನ ಕಮಲಾಪುರದ ತೋಟ ನೋಡಲು ಬರುತ್ತಾರೆ ಎಂದು ವಿವರಿಸಿದಳು. ಇದೆಲ್ಲ ನೀಲಗಂಗಮ್ಮ ಒಪ್ಪಿಕೊಂಡಿದ್ದ ಕಾರ್ಯಕ್ರಮ, ಈಗ ಅವಳ ಜಾಗದಲ್ಲಿ ನೀವು ಬಂದರೆ ಚೆನ್ನ, ಆದರೆ ಒತ್ತಾಯವಿಲ್ಲ ಎಂದಳು. ಒಲ್ಲೆ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು. ನಾಗರತ್ನಾ ಆಯ್ತ್ರಿ ಎಂದಳು.

ಸಭಾಭವನದಲ್ಲಿ ಅವಳನ್ನು ವೇದಿಕೆಯ ಮೇಲೆ ಕೂಡಿಸಿದರು. ಪಕ್ಕದಲ್ಲಿ ಕುಳಿತಿದ್ದ ಉಗಾಂಡಾದ ಅತಿಥಿಯ ಹೆಸರು ನಮುಬಿರು. ಅಗಲ ಭುಜ, ತಲೆಗೆ ಹಳದಿ ವಸ್ತ್ರ, ನಾಗರತ್ನಾಳಷ್ಟೇ ವಯಸ್ಸಿರಬೇಕು. ಅವಳ ಇಂಗ್ಲಿಷನ್ನು ಕಾಲೇಜಿನಲ್ಲಿ ಪಾಠ ಹೇಳುವ ಬುಶ್ರಾ ಕನ್ನಡದಲ್ಲಿ ಹೇಳುತ್ತ ಹೋದಳು. ಅವರ ಕಡೆ ಬಾಳೆಯೇ ಊಟ. ಕಾಯಿ ಬೇಯಿಸಿ, ನಾದಿ ಉಣ್ಣುತ್ತಾರೆ. ಒಂದು ವರ್ಷ ಬಾಳೆಗೆ ರೋಗ ಬಂದು ಎಲೆಗಳು ಹಳದಿಯಾಗಿ ಜೋತುಬಿದ್ದವು, ಕಾಯಿ ಒಳಗೇ ಕೊಳೆಯಿತು. ನಮುಬಿರು ತನ್ನ ತೋಟವನ್ನೆಲ್ಲ ತಾನೇ ಕಡಿದು ಹಾಕಬೇಕಾಯಿತು. ಆಮೇಲೆ ಊರಿನ ಹೆಂಗಸರನ್ನು ಸೇರಿಸಿಕೊಂಡು, ರೋಗವಿಲ್ಲದ ಬಾಳೆಯ ಮರಿಗಳನ್ನು, ಬುಡದಲ್ಲಿ ಏಳುವ ಕಂದುಗಳನ್ನು, ದೂರದಿಂದ ತಂದು ಬೆಳೆಸಿದಳು. ಈಗ ಸುತ್ತಲಿನ ಹಳ್ಳಿಗಳಿಗೆ ಅವರ ಮರಿಗಳೇ ಹೋಗುತ್ತವೆ. ಜಮೀನು ಗಂಡಸರ ಹೆಸರಿನಲ್ಲಿದೆ, ಆದರೆ ಯಾವುದನ್ನು ನೆಡಬೇಕೆಂದು ಈಗ ನಮ್ಮನ್ನು ಕೇಳುತ್ತಾರೆ ಎಂದಾಗ ಸಭೆಯಲ್ಲಿದ್ದ ಹೆಂಗಸರು ನಕ್ಕು ಚಪ್ಪಾಳೆ ತಟ್ಟಿದರು.

ನಾಗರತ್ನಾ ಅವಳಿಗೆ ಶಾಲು ಹೊದಿಸಿದಳು. ಎರಡು ಮಾತು ಹೇಳಿ ಎಂದು ಅಂಬಿಕಾ ಮೈಕು ಕೊಟ್ಟಳು.

"ನಮ್ಮಕ್ಕ ಮಾತಾಡ್ಬೇಕಿತ್ತು," ಎಂದಳು ನಾಗರತ್ನಾ. "ಆಕಿ ಇಲ್ಲ."

ಅಷ್ಟು ಹೇಳಿ ಕುಳಿತಳು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನಕ್ಕೆ ತಿಳಿಯಲಿಲ್ಲ; ಅಲ್ಲೊಬ್ಬರು ಇಲ್ಲೊಬ್ಬರು ತಟ್ಟಿದರು. ಅವಳಿಗೆ ನಾಚಿಕೆಯೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ವ್ಯಾನು ಕಮಲಾಪುರಕ್ಕೆ ಬಂತು. ಉಳಿದ ಅತಿಥಿಗಳನ್ನು ಅಂಬಿಕಾ ಬೇರೆ ತೋಟಗಳಿಗೆ ಕರೆದೊಯ್ದಳು. ನಮುಬಿರು ಮತ್ತು ಬುಶ್ರಾ ನಾಗರತ್ನಾಳ ಜೊತೆ ನಡೆದರು. ತೋಟಕ್ಕೆ ಕಾಲಿಡುವಾಗ ಎದೆ ಒಡೆಯಬಹುದೆಂದು ನಾಗರತ್ನಾ ಅಂದುಕೊಂಡಿದ್ದಳು. ಏನೂ ಆಗಲಿಲ್ಲ. ಕೆಂಪು ದಿಂಡುಗಳು ಹಾಗೇ ನಿಂತಿದ್ದವು. ಒಣಗಿದ ಎಲೆಗಳು ಜೋತುಬಿದ್ದಿದ್ದವು. ಪ್ರತಿ ಗಿಡದ ಬುಡದಲ್ಲೂ ಮರಿಗಳು ಗುಂಪುಗುಂಪಾಗಿ ಎದ್ದಿದ್ದವು. ಎಂದೋ ತೆಗೆಯಬೇಕಾಗಿದ್ದ ಮರಿಗಳು. ಬೇರೆಯವರ ತೋಟ ನೋಡಿದಂತೆ ನೋಡಿದಳು.

ನಮುಬಿರು ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬುಡ ಮುಟ್ಟಿ ನೋಡಿದಳು. ಬದುವಿನ ಮೇಲಿದ್ದ ಕುಡಗೋಲನ್ನು ತೋರಿಸಿ, ತಗೊಳ್ಳಲೇ ಎಂದು ಕಣ್ಣಲ್ಲೇ ಕೇಳಿದಳು. ನಾಗರತ್ನಾ ತಲೆಯಾಡಿಸಿದಳು. ನಮುಬಿರು ಚಪ್ಪಲಿ ಬಿಟ್ಟು, ಉಡುಗೆ ಎತ್ತಿ ಕಟ್ಟಿ, ಮರಿ ಕತ್ತರಿಸಲು ಶುರುಮಾಡಿದಳು. ಕೈ ಪಳಗಿದ್ದು. ಒಂದು ಗಿಡ ಆಯಿತು, ಎರಡನೆಯದಾಯಿತು. ನಾಗರತ್ನಾ ನೋಡುತ್ತ ನಿಂತಿದ್ದವಳು ಹತ್ತಿರ ಹೋದಳು. ನಮುಬಿರು ಪ್ರತಿ ಗಿಡಕ್ಕೂ ಎರಡೆರಡು ಮರಿ ಉಳಿಸುತ್ತಿದ್ದಳು, ಒಂದು ದೊಡ್ಡದು, ಒಂದು ಸಣ್ಣದು.

"ಹಂಗಲ್ಲ," ಎಂದಳು ನಾಗರತ್ನಾ. "ಒಂದೇ ಬಿಡ್ಬೇಕು."

ಬುಶ್ರಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಮುಬಿರು ಅಲ್ಲವೆಂದು ತಲೆಯಲ್ಲಾಡಿಸಿ ಗಿಡವನ್ನೂ ಎರಡು ಮರಿಗಳನ್ನೂ ಒಂದೊಂದಾಗಿ ಮುಟ್ಟಿ ತೋರಿಸಿದಳು. ತಾಯಿ, ಮಗಳು, ಮೊಮ್ಮಗಳು. ಮೂರೂ ಇದ್ದರೆ ತೋಟ ಎಂದೂ ಖಾಲಿಯಾಗುವುದಿಲ್ಲ, ನಮ್ಮಲ್ಲಿ ಹೀಗೇ ಎಂದಳು.

"ನಿಮ್ಮಲ್ಲಿ ಇರ್ಲಿ. ಇದು ಕೆಂಪು ಬಾಳಿ. ಎರಡು ಬಿಟ್ರ ಗೊನಿ ಸಣ್ಣ ಆಗ್ತದ."

ನಮುಬಿರು ಮಣ್ಣು ಹಿಡಿದು ತೋರಿಸಿ, ಇಷ್ಟು ಒಳ್ಳೆಯ ಮಣ್ಣು ಮೂರನ್ನು ಸಾಕಲಾರದೇ ಎಂದು ಕೇಳಿದಳು. ಮಣ್ಣಿನ ಮಾತಲ್ಲ, ಬೇಸಿಗೆಯ ನೀರಿನ ಮಾತು ಎಂದಳು ನಾಗರತ್ನಾ. ದನಿ ಏರಿತು. ನಮುಬಿರು ಕೂಡ ಬಿಡಲಿಲ್ಲ. ಬುಶ್ರಾ ಒಬ್ಬರ ಮಾತು ಮುಗಿಸುವುದರೊಳಗೆ ಇನ್ನೊಬ್ಬರು ಶುರುಮಾಡಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಬುಶ್ರಾ ಅನುವಾದಿಸುವುದನ್ನೇ ಬಿಟ್ಟಳು. ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ತನ್ನ ಊರಿನ ಭಾಷೆಯಲ್ಲಿ, ಗಿಡದ ಎರಡು ಬದಿಗೆ ನಿಂತು ವಾದಿಸಿದರು. ಸಿಟ್ಟಿನಲ್ಲಿ ನಾಗರತ್ನಾ ಸೆರಗು ಸಿಕ್ಕಿಸಿ, ಕುಡಗೋಲು ಕಸಿದುಕೊಂಡು, ಸಣ್ಣ ಮರಿಯನ್ನು ಬುಡಕ್ಕೆ ಕತ್ತರಿಸಿದಳು. ಮುಂದಿನ ಗಿಡಕ್ಕೆ ಹೋದಳು. ಅದರ ಮುಂದಿನದಕ್ಕೂ. ಕೈಗೆ ರಸ ಮೆತ್ತಿತು, ಬೆನ್ನು ಬೆವೆತಿತು.

ಸಾಲು ಮುಗಿಸಿ ತಿರುಗಿದಾಗ ನಮುಬಿರು ಪಕ್ಕದ ಸಾಲಿನ ಒಣ ಎಲೆಗಳನ್ನು ಕೈಯಿಂದಲೇ ಕಿತ್ತು ಬುಡಕ್ಕೆ ಹಾಸುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾಗರತ್ನಾ ಕುಡಗೋಲನ್ನು ಅವಳ ಕೈಗೆ ಕೊಟ್ಟು, ಕೊನೆಯ ಸಾಲು ತೋರಿಸಿದಳು.

"ಆ ಸಾಲು ನಿನ್ನಂಗ ಮಾಡು. ನೋಡಮು."

ಮಧ್ಯಾಹ್ನದವರೆಗೆ ಕೆಲಸ ಮಾಡಿದರು. ಹೊರಡುವಾಗ ನಮುಬಿರು, ನಿನ್ನ ಅಕ್ಕನೂ ಹೀಗೇ ಜಗಳವಾಡುತ್ತಿದ್ದಳೇ ಎಂದು ಬುಶ್ರಾಳಿಂದ ಕೇಳಿಸಿದಳು. ಇದಕ್ಕಿಂತ ಹೆಚ್ಚು ಎಂದಳು ನಾಗರತ್ನಾ. ನಮುಬಿರು ಅವಳ ರಸ ಮೆತ್ತಿದ ಕೈಯನ್ನು ತನ್ನ ಅಂಥದೇ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು, ವ್ಯಾನು ಹತ್ತಿದಳು.

ಸಂಜೆ ದೇವೀಂದ್ರಪ್ಪ ಅಂಗಡಿಯಿಂದ ಬಂದು, ನಾಳೆ ಹುಸೇನ ಮಾತಿಗೆ ಬರುತ್ತಾನೆ ಎಂದ.

"ತ್ವಾಟ ಯಾರಿಗೂ ಕೊಡೂದು ಬ್ಯಾಡ್ರಿ, ಭಾವಾರ. ನಾ ಮಾಡ್ತೀನಿ," ಎಂದಳು ನಾಗರತ್ನಾ. ಕೇಳಿದರೆ ಸಂಘದ ಹೆಂಗಸರು ಸರದಿ ಮೇಲೆ ಬರುತ್ತಾರೆ, ತಾನೂ ಅವರ ಹೊಲಕ್ಕೆ ಹೋಗುತ್ತೇನೆ ಎಂದು ವಿವರಿಸಿದಳು.

ದೇವೀಂದ್ರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ನಿನ್ನ ಕೈಲೆ ಆಗಲ್ಲಂತ ಅಲ್ಲವ್ವ," ಎಂದ. "ನನಗ ಆ ಕಡಿ ನೋಡ್ಲಿಕ್ಕ ಆಗವಲ್ದು. ಅದಕ್ಕ ಕೊಡಮು ಅಂದಿದ್ದೆ."

ನಾಗರತ್ನಾ ಚಹಾಕ್ಕೆ ಒಲೆಯ ಮೇಲೆ ನೀರಿಟ್ಟಳು. ಹುಸೇನನಿಗೆ ತಾನೇ ಹೇಳುತ್ತೇನೆ ಎಂದು ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮರುದಿನ ನಾಗರತ್ನಾ ಬೇಗ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಒಬ್ಬಳೇ ತೋಟಕ್ಕೆ ಹೋದಳು. ಒಳಗೆ ಇನ್ನೂ ಮರಗಟ್ಟಿದ ಹಾಗೇ ಇತ್ತು. ಅಳು ಅವತ್ತೂ ಬರಲಿಲ್ಲ. ಮೋಟಾರು ಹಾಕಿ, ಕಾಲುವೆಯಲ್ಲಿ ನೀರು ಬರುವ ತನಕ ನಿಂತಿದ್ದು, ಮೊದಲ ಸಾಲಿಗೆ ತಿರುಗಿಸಿದಳು.