ಐದನೆಯ ಸೂಜಿ

ಒಂದೂರಿನಲ್ಲಿ ಇಬ್ಬರು ತಾಯಂದಿರಿದ್ದರು. ಇಬ್ಬರ ಮಕ್ಕಳ ಜೀವವೂ ಒಂದೇ ಸೀಸೆಯಲ್ಲಿತ್ತು. ಅದಕ್ಕಾಗಿ ಏಳು ಸಮುದ್ರ ದಾಟಬೇಕಿರಲಿಲ್ಲ. ಸೀಸೆ ಆಸ್ಪತ್ರೆಯ ಹದಿನೆಂಟನೆಯ ಕೋಣೆಯ ಫ್ರಿಜ್ಜಿನಲ್ಲೇ ಇತ್ತು.

ಒಬ್ಬಳು ಬಟ್ಟೆ ಹೊಲಿಯುವವಳು. ಅವಳ ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಇನ್ನೊಬ್ಬಳು ಬಸ್ ಕಂಡಕ್ಟರ್. ಅವಳ ಮಗನ ಹೃದಯದಲ್ಲಿ ತೂತು. ಚಳಿಗಾಲದಲ್ಲಿ ಹಬ್ಬುವ ಒಂದು ವೈರಸ್ಸು ದೊಡ್ಡವರಿಗೆ ಬರೀ ನೆಗಡಿ, ಇಂಥ ಕೂಸುಗಳಿಗೆ ಯಮ. ಅದನ್ನು ತಡೆಯುವ ಮದ್ದಿನ ಬಲ ತಿಂಗಳಿಗೆಲ್ಲ ಇಳಿದುಹೋಗುತ್ತದೆ. ಹಾಗಾಗಿ ತಿಂಗಳಿಗೊಂದರಂತೆ ಐದು ಸೂಜಿ. ಮದ್ದು ಸಿಗುವುದೇ ಕಷ್ಟ, ಸೀಲ್ ಒಡೆದರೆ ಅಂದೇ ಮುಗಿಸಬೇಕು. ಅದಕ್ಕೇ ಒಂದು ಸೀಸೆಗೆ ಎರಡು ಮಕ್ಕಳು. ಇಬ್ಬರೂ ಬಂದರಷ್ಟೇ ಒಡೆಯುವುದು.

"ಐದು ಸಲವೂ ಬಂದೇ ಬರ್ತೀನಿ ಕಣೇ," ಎಂದು ಕಂಡಕ್ಟರಮ್ಮ ಮೊದಲ ದಿನವೇ ಮಾತು ಕೊಟ್ಟಿದ್ದಳು.

ಇವತ್ತು ಐದನೆಯದು. ಕೋಣೆ ಮುಚ್ಚಲು ಹತ್ತು ನಿಮಿಷವಿತ್ತು. ಹೊಲಿಗೆಯವಳ ಮನೆಯಲ್ಲಿ ದೊಡ್ಡ ಮಗಳು ಎರಡು ದಿನದಿಂದ ಕೆಮ್ಮುತ್ತಿದ್ದಳು. ಮಡಿಲಲ್ಲಿ ಚಿಕ್ಕವಳನ್ನು ಇಟ್ಟುಕೊಂಡು ಕೂತಿದ್ದ ಅವಳು, ಬಾಗಿಲಲ್ಲಿ ಪರಿಚಯದ ಮುಖ ಕಂಡದ್ದೇ ತಡ, ರೇಗಿದಳು.

"ಏನೇ, ಕಂಡಕ್ಟರಿಗೇ ಬಸ್ ತಪ್ಪಿತಾ? ನನ್ನ ಜೀವ ಬಾಯಿಗೆ ಬಂದಿತ್ತು!"

ಆಡಿದ ಮೇಲೆ ನೋಡಿದಳು. ಕಂಡಕ್ಟರಮ್ಮನ ಕೈ ಬರಿದಾಗಿತ್ತು.

"ಮಗು ಎಲ್ಲಮ್ಮ?" ಎಂದರು ಸಿಸ್ಟರ್.

"ಸೋಮವಾರ ಹೋದ. ನೆಗಡಿ ಗಿಗಡಿ ಏನಿಲ್ಲ ಸಿಸ್ಟರ್. ಹೃದಯವೇ ನಿಂತುಹೋಯ್ತು." ಕಂಡಕ್ಟರಮ್ಮ ಮಗನ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಇವಳಿಗೆ ಹಾಕಿ."

"ರಿಜಿಸ್ಟರಲ್ಲಿ ಎರಡು ಮಕ್ಕಳ ತೂಕ ಬರೀದೆ ಸೀಲ್ ಒಡೆಯೋ ಹಾಗಿಲ್ಲಮ್ಮ. ಜೊತೆಗೆ ಬೇರೆ ಮಗು ಹುಡುಕಬೇಕು. ಮುಂದಿನ ವಾರ..."

"ಮನೇಲಿ ದೊಡ್ಡವಳು ಕೆಮ್ತಿದಾಳೆ," ಎಂದಳು ಹೊಲಿಗೆಯವಳು. ಈ ಹೊತ್ತಿನಲ್ಲಿ ಅದನ್ನು ಹೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ತಲೆ ತಗ್ಗಿಸಿದಳು.

ಸಿಸ್ಟರ್ ಮಗುವನ್ನು ತೂಗಿದರು. ಐದು ಕೇಜಿ ಇನ್ನೂರು. ಬರೆದರು. ಅದರ ಕೆಳಗಿನ ಸಾಲು ಖಾಲಿಯಿತ್ತು.

"ಹೋದ ತಿಂಗಳದ್ದೇ ಬರ್ಕೊಳ್ಳಿ," ಎಂದಳು ಕಂಡಕ್ಟರಮ್ಮ. "ಅಲ್ಲಿಂದ ಅವನೇನೂ ಬೆಳೀಲಿಲ್ಲ."

ಸಿಸ್ಟರ್ ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಪೆನ್ನು ಕೈಗೆತ್ತಿಕೊಂಡು ಮೇಜಿನ ಮೇಲಿದ್ದ ಕಾರ್ಡು ನೋಡಿದರು. ಆಮೇಲೆ ಬರೆದರು: ನಾಲ್ಕು ಕೇಜಿ ಒಂಬೈನೂರು. ಸೀಲ್ ಒಡೆದರು.

ಹೆತ್ತ ಮಗುವಿಗೆ ಚುಚ್ಚುವುದನ್ನು ಇಬ್ಬರೂ ನೋಡಲಾರರು. ಅದಕ್ಕೇ ಇವಳ ಮಗುವನ್ನು ಅವಳು, ಅವಳದನ್ನು ಇವಳು ಹಿಡಿದುಕೊಳ್ಳುವುದು ಮೊದಲಿನಿಂದಲೂ ರೂಢಿ. ಇವತ್ತು ಹೊಲಿಗೆಯವಳು ಮಗುವನ್ನು ಎದೆಗೊತ್ತಿಕೊಂಡೇ ನಿಂತಿದ್ದಳು. ಕೊಡಲು ಧೈರ್ಯ ಸಾಲಲಿಲ್ಲ.

"ಕೊಡೇ," ಎಂದು ಕಂಡಕ್ಟರಮ್ಮನೇ ಕೈ ಚಾಚಿದಳು.

ಹೊಲಿಗೆಯವಳು ಕೊಟ್ಟು, ಗೋಡೆಗೆ ಮುಖ ಮಾಡಿದಳು. ಮಗು ಉಸಿರುಗಟ್ಟಿ, ಆಮೇಲೆ ಕೋಣೆ ತುಂಬುವಂತೆ ಚೀರಿತು.

"ಆಯ್ತಾ?" ಎಂದಳು, ತಿರುಗದೆ.

ಕಂಡಕ್ಟರಮ್ಮ ಪುಟ್ಟ ತೊಡೆಗೆ ಹತ್ತಿ ಒತ್ತಿ ಹಿಡಿದಿದ್ದಳು. ಹತ್ತಿಯಲ್ಲಿ ಒಂದು ಕೆಂಪು ಚುಕ್ಕೆ ಮೂಡಿ, ಅಷ್ಟಕ್ಕೇ ನಿಂತಿತು.

"ಆಯ್ತು."